ಸೂಪಾ ಎಂಬ ಹಳೆಯ ವಿಳಾಸ

ಬೆಳಗಿನ ಐದೂವರೆ. ಹಳಿಯಾಳದ ಬಸ್ ನಿಲ್ದಾಣದಲ್ಲಿ ಇನ್ನೂ ಕಸ ಗುಡಿಸುತ್ತಿದ್ದಾರೆ. ಎದುರು ಸಾಲಿನ ಒಂದು ಅಂಗಡಿಯ ಶಟರ್ ಮಾತ್ರ ಅರ್ಧ ಎದ್ದಿದೆ. ಒಳಗೆ ಶಿವಗಂಗಾ ಹಣೆಗೆ ವಿಭೂತಿ ಹಚ್ಚಿಕೊಂಡು, ಚಹಾ ಆರಲು ಬಿಟ್ಟು, ಕಂಪ್ಯೂಟರಿನಲ್ಲಿ ಒಂದೇ ಪುಟವನ್ನು ಮತ್ತೆ ಮತ್ತೆ ತೆರೆಯುತ್ತಿದ್ದಾರೆ. ಕಾಯುತ್ತಿರುವ ಉತ್ತರ ಬಂದಿಲ್ಲ. ಏಳುತ್ತಾರೆ, ಬಾಗಿಲ ತನಕ ಹೋಗುತ್ತಾರೆ, ಬಂದು ಮತ್ತೆ ತೆರೆಯುತ್ತಾರೆ. ಹನ್ನೆರಡು ದಿನದಿಂದ ಇದೇ ಪಾಡು.

“ಹೊತ್ತು ಏರಿದ ಮ್ಯಾಲೆ ಆಧಾರು, ಪಹಣಿ, ಅರ್ಜಿ ಅಂತ ಮಂದಿ ಬರ್ತಾರ್ರಿ. ನನ್ನ ಖರೇ ಕೆಲಸ ಆಗೂದು ಈ ಎರಡು ತಾಸಿನ್ಯಾಗ,” ಎನ್ನುತ್ತಾರೆ.

ಆ ಕೆಲಸ ವೆಬ್‌ಸೈಟ್‌ಗಳನ್ನು ನೋಡಿಕೊಳ್ಳುವುದು. ದಾಂಡೇಲಿ, ಜೊಯಿಡಾ, ಮುಂಡಗೋಡ ಕಡೆಯ ಮೂವತ್ತೊಂದು ಸೈಟುಗಳು ಇವರ ಕೈಯಲ್ಲಿವೆ. ಹೋಮ್‌ಸ್ಟೇಗಳೇ ಹೆಚ್ಚು, ಅತ್ತಿವೇರಿಯಲ್ಲಿ ಹಕ್ಕಿ ತೋರಿಸುವ ಗೈಡ್ ಒಬ್ಬರದೂ ಇದೆ. ಲಗ್ನಪತ್ರಿಕೆ ಟೈಪ್ ಮಾಡುತ್ತ ಮಾಡುತ್ತ ತಾವಾಗಿಯೇ ಕಲಿತ ವಿದ್ಯೆ. ಕರೆಂಟ್ ಹೋದರೆ ಮೊಬೈಲ್ ನೆಟ್ಟೇ ಗತಿ. ಬಂದ ಅತಿಥಿಗಳು ಊಟ ಹೊಗಳಿ ಹೋಗುತ್ತಾರೆ. ಆ ಮನೆಯ ದಾರಿ ತೋರಿಸಿದವರು ಯಾರೆಂದು ಒಬ್ಬರೂ ಕೇಳುವುದಿಲ್ಲ.

ಈಗಿನ ಚಡಪಡಿಕೆಯೆಲ್ಲ ಜೊಯಿಡಾದ ಮಹಾಬಳೇಶ್ವರರ ಮೂರು ಕೋಣೆಯ ಹೋಮ್‌ಸ್ಟೇಗಾಗಿ. ಅವರು ಹುಟ್ಟಿದ ಊರು ಸೂಪಾ, ಅಣೆಕಟ್ಟಿನ ನೀರಿನಡಿ ಹೋಗಿ ದಶಕಗಳಾದವು. ತಾಲ್ಲೂಕಿನ ಹೆಸರೂ ಜೊಯಿಡಾ ಆಯಿತು. ಹಳಬರ ಬಾಯಲ್ಲಿ ಮಾತ್ರ ಇಡೀ ಸೀಮೆ ಇನ್ನೂ ಸೂಪಾ. ಹಾಗಾಗಿ, ಊರು ಕಳೆದುಕೊಂಡವರ ಸಂಘವೊಂದು ಹಿಂದೆ ಇಟ್ಟುಕೊಂಡಿದ್ದ ಸೂಪಾ ಹೆಸರಿನ ವೆಬ್ ವಿಳಾಸ ಖಾಲಿ ಬಿದ್ದಿದೆ ಎಂದು ಶಿವಗಂಗಾ ಹೇಳಿದಾಗ ಅವರು ಕುಣಿದಾಡಿದರು: “ತಗೊಂಡುಬಿಡು ಗಂಗವ್ವ. ನಮ್ಮ ಹೆಸರು ನಮ್ಮ ಮನೀಗೆ ಬರ್ಲಿ.”

ಶಿವಗಂಗಾ ಕೊಂಡರು. ಆ ವಿಳಾಸ ಒತ್ತಿದವರು ತಾವಾಗಿಯೇ ಹೋಮ್‌ಸ್ಟೇ ಸೈಟಿಗೆ ಬರುವಂತೆ ರೀಡೈರೆಕ್ಟ್ ಹಾಕಿದರು. ಸಂಘದವರು ಬಿಟ್ಟ ಮೇಲೆ ಆ ಹೆಸರು ಯಾರ ಕೈಯಲ್ಲಿತ್ತು ಎಂದು ಮಾತ್ರ ನೋಡಲಿಲ್ಲ. ನಡುವೆ ಎರಡು ವರ್ಷ ಅದು ಆನ್‌ಲೈನ್ ಜೂಜಿನವರ ಪಾಲಾಗಿತ್ತು. ಹುಡುಕಾಟದಲ್ಲಿ ಮೇಲೆ ಬರಲೆಂದು ಅವರು ಅದಕ್ಕೆ ಬೇರೆ ಬೇರೆ ಸೈಟುಗಳಿಂದ ಸಾವಿರಾರು ಕಳ್ಳ ಲಿಂಕುಗಳನ್ನು ಕಟ್ಟಿದ್ದರು. ರೀಡೈರೆಕ್ಟ್ ಜೊತೆಗೆ ಆ ಕೆಟ್ಟ ಹೆಸರೂ ದಾಟಿ ಬಂತು. ಸರ್ಚ್ ಎಂಜಿನ್‌ನವರು ಪೆನಾಲ್ಟಿ ಎಂಬ ದಂಡನೆ ಹಾಕಿದರು. ಹುಡುಕಿದರೆ ಮೊದಲ ಪುಟದಲ್ಲೇ ಕಾಣುತ್ತಿದ್ದ ಮನೆ, ಅದರ ಹೆಸರನ್ನೇ ಟೈಪ್ ಮಾಡಿದರೂ ಸಿಗದಂತಾಯಿತು. ಡಿಸೆಂಬರ್ ರಜೆಗೆ ಮೂರೇ ವಾರ ಉಳಿದಿತ್ತು. ವರ್ಷದ ಅರ್ಧ ಅತಿಥಿಗಳು ಬರುವುದು ಆಗಲೇ.

“ಸೂಪಾ ಅಂದ ಮ್ಯಾಲೆ ನಮ್ಮವರದ ಅಂತ ತಿಳಕೊಂಡೆ. ಅಲ್ಲೇ ತಪ್ಪಿದೆ,” ಎನ್ನುವಾಗ ಶಿವಗಂಗಾ ಮುಖ ತಿರುಗಿಸುತ್ತಾರೆ. ಅವರಿಗೆ ನಾಚಿಕೆಯಾಗಿದೆ. ಅದನ್ನು ಮುಚ್ಚಿಡಲು ಅವರಿಗೆ ಬರುವುದಿಲ್ಲ.

ಫೋನಿನಲ್ಲಿ ಹೇಳಿ ಕೈತೊಳೆದುಕೊಳ್ಳದೆ ಅವರು ಜೊಯಿಡಾದ ಬಸ್ ಹಿಡಿದರು. ಪೆನಾಲ್ಟಿ ಎಂದ ಕೂಡಲೇ ಮಹಾಬಳೇಶ್ವರರು ಅಂಗಿ ತೊಟ್ಟು ಹೊರಟೇಬಿಟ್ಟರು, ಯಾವ ಆಫೀಸಿನಲ್ಲಿ ಕಟ್ಟಬೇಕೆಂದು ಕೇಳುತ್ತ.

“ಇದು ಕಟ್ಟಿ ಬಿಡಿಸಿಕೊಳ್ಳೂದಲ್ಲ ಕಾಕಾ. ಸೂಪಾದ ವಿಳಾಸ ಕಡದ ಹಾಕಬೇಕು,” ಎಂದರು ಶಿವಗಂಗಾ.

ಮುದುಕರು ಅಂಗಿ ಬಿಚ್ಚಿ ಕುಳಿತರು. “ಮೊದಲು ನೀರು ಒಯ್ತು. ಈಗ ನೀ ಒಯ್ತಿ?”

ಆ ಮಾತು ಶಿವಗಂಗಾರನ್ನು ಇಂದಿಗೂ ಚುಚ್ಚುತ್ತಿದೆ. ಆದರೂ ಅಂದೇ ರೀಡೈರೆಕ್ಟ್ ಕಿತ್ತರು. ಐದು ಬೆಳಗು ಕೂತು ಲಿಂಕುಗಳನ್ನು ಒಂದೊಂದಾಗಿ ನೋಡಿ, ಇವು ನಮ್ಮವಲ್ಲ ಎಂದು ಪಟ್ಟಿ ಸಲ್ಲಿಸಿದರು. ಸರ್ಚ್ ಎಂಜಿನ್‌ನವರಿಗೆ ಮರುಪರಿಶೀಲನೆಯ ಅರ್ಜಿ ಬರೆದರು. “ಸುಳ್ಳು ಬರೀಲಿಲ್ರಿ. ನೋಡಲಾರದ ಜೋಡಿಸಿದ್ದು ನಾನ, ತಪ್ಪು ನಂದ ಅಂತ ಬರದೆ.” ಈಗ ಯಾರೇ ಹಳೆಯ ವಿಳಾಸ ತಂದರೂ ಅದರ ಪೂರ್ವಾಪರ ಜಾಲಾಡದೆ ಮುಟ್ಟುವುದಿಲ್ಲ.

ಆರು ಮುಕ್ಕಾಲಿಗೆ ಪುಟ ಮತ್ತೆ ತೆರೆಯುತ್ತದೆ. ಶಿವಗಂಗಾ ಬಂದ ಉತ್ತರವನ್ನು ಎರಡು ಸಲ ಓದಿ, ಫೋನ್ ಹಚ್ಚುತ್ತಾರೆ.

“ಕಾಕಾ, ಪೆನಾಲ್ಟಿ ತಗದಾರ.”

“ಸೂಪಾ ಅಂತ ಹೊಡದ್ರ ನಮ್ಮ ಮನಿ ಸಿಗತೈತೇನ?” ಮಹಾಬಳೇಶ್ವರರ ಮೊದಲ ಪ್ರಶ್ನೆ ಅದೇ.

“ಇವತ್ತ ಇಲ್ಲ. ಮೊದಲಿನ ಜಾಗಾ ಸಿಗಾಕ ಹೊತ್ತು ಹಿಡಿತೈತಿ, ರಜಾಕ್ಕ ಆದೀತೋ ಇಲ್ಲೋ ಹೇಳಾಕ ಬರಂಗಿಲ್ಲ. ಆದ್ರ ನಿಮ್ಮ ಸೈಟಿನ ಮೊದಲ ಸಾಲಿನ್ಯಾಗ ‘ಹಳೇ ಸೂಪಾದವರ ಮನೆ’ ಅಂತ ಬರದೇನಿ. ಅದನ್ನ ಯಾರೂ ಕಡಿಯಂಗಿಲ್ಲ.”

ಆ ಕಡೆಯಿಂದ “ಊಟಕ್ಕ ಬಾ ಗಂಗವ್ವ,” ಎಂಬ ಒಂದೇ ಮಾತು.

ಶಿವಗಂಗಾ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಶಟರ್ ಪೂರ್ತಿ ಎತ್ತುತ್ತಾರೆ. ಹೊರಗೆ ಪಹಣಿಯವರು ಆಗಲೇ ನಿಂತಿದ್ದಾರೆ. ಏನು ಆಸೆ ಎಂದು ಕೇಳಿದರೆ ನಗುತ್ತಾರೆ.

“ಊರು ಹೋಗಿದ್ದು ಯಾರ ಕೈಯಾಗೂ ಇರ್ಲಿಲ್ಲ ಬಿಡ್ರಿ. ಹೆಸರು ನನ್ನ ಕೈಯಾಗ ಹೋಗಬಾರದು, ಅಷ್ಟ.”