ಸೀನಿಕ್ ಡ್ರೈವ್ ಎಂಬ ವ್ರತ

ಕಾರಿನಲ್ಲಿ ಕೂತು ಪ್ರಕೃತಿ ನೋಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ನಾನೂ ಅವರಲ್ಲೊಬ್ಬಳಾದ್ದರಿಂದ ಈ ತಾತ್ಸಾರಕ್ಕೆ ಅನುಭವದ ಬಲವೂ ಇದೆ. ಸ್ಯಾನ್ ಡಿಯಾಗೋದ ನಾವು ವಾರವಿಡೀ ಫ್ರೀವೇಯಲ್ಲಿ ಮುಂದಿನ ಕಾರಿನ ಬೆನ್ನು ನೋಡುತ್ತ ಕೂತಿರುತ್ತೇವೆ. ರಜೆ ಬಂತೆಂದರೆ ಗಂಟೆಗಟ್ಟಲೆ ವಿಮಾನದಲ್ಲಿ ಸಮುದ್ರ ದಾಟಿ, ಹವಾಯಿಯ ಯಾವುದೋ ದ್ವೀಪದಲ್ಲಿ ಇಳಿದು, ಬಾಡಿಗೆಗೆ ಇನ್ನೊಂದು ಕಾರು ಹಿಡಿದು ಅದರಲ್ಲಿ ಕೂರುತ್ತೇವೆ. ಇದಕ್ಕೆ ಸೀನಿಕ್ ಡ್ರೈವ್ ಎಂದು ಹೆಸರು. ಕಡಲೇ ಬೇಕಿದ್ದರೆ ರ್ಯಾಂಚೊ ಪೆನಾಸ್ಕಿಟೋಸ್‌ನ ನಮ್ಮ ಮನೆಯಿಂದ ಅರ್ಧ ಗಂಟೆಯಲ್ಲಿ ಲಾ ಹೋಯಾ ಕಡಲತೀರ ಸಿಗುತ್ತದೆ. ಆದರೆ ಅರ್ಧ ಗಂಟೆಯಲ್ಲಿ ಸಿಗುವುದನ್ನು ನೋಡಲು ಯಾರಿಗೂ ಪುರುಸೊತ್ತಿಲ್ಲ.

ನನ್ನ ಗಂಡ ರಘು ಟೆಲಿಕಾಂ ಎಂಜಿನಿಯರ್. ಅವನಿಗೆ ಈ ವ್ರತದ ದೀಕ್ಷೆ ಕೊಟ್ಟವನು ಕಲ್ವರ್ ಸಿಟಿಯ ಗೆಳೆಯ ಪ್ರಸನ್ನ. ಸಿನಿಮಾಗಳಿಗಾಗಿ ಕಂಪ್ಯೂಟರಿನಲ್ಲಿ ಬೆಟ್ಟ, ಸಮುದ್ರ ಮಾಡಿಕೊಡುವುದು ಪ್ರಸನ್ನನ ಉದ್ಯೋಗ. ಹಾಗಾಗಿ ನಿಜವಾದ ಬೆಟ್ಟ, ಸಮುದ್ರಗಳ ಗುಣಮಟ್ಟದ ಬಗ್ಗೆ ಅವನಿಗೆ ಸದಾ ಅಸಮಾಧಾನ. ಪ್ರತಿ ಶನಿವಾರ ಇಬ್ಬರೂ ವಿಡಿಯೊ ಕಾಲ್‌ನಲ್ಲಿ ಕೂತು ದ್ವೀಪದ ನಕ್ಷೆಯ ಮೇಲೆ ಇಪ್ಪತ್ತೇಳು ವ್ಯೂ ಪಾಯಿಂಟ್ ಗುರುತಿಸಿದರು. ಒಂದೊಂದಕ್ಕೂ ಹನ್ನೆರಡು ನಿಮಿಷ. ಜಲಪಾತಕ್ಕೆ ಹದಿನೈದು, ಅದು ಬೀಳಲು ಸಮಯ ಬೇಕೆಂದೋ ಏನೋ.

ಪ್ರವಾಸ ನಿಜಕ್ಕೂ ಹೊರಡಬೇಕಾಗಿದ್ದದ್ದು ರಘುವಿನ ಅಕ್ಕ ಸುಮತಿಗಾಗಿ. ಉಡುಪಿಯಿಂದ ಬಂದ ಅಕ್ಕ ಲಾಸ್ ಏಂಜಲೀಸಿನ ಒಂದು ಲ್ಯಾಬಿನಲ್ಲಿ ಮೂವತ್ತು ವರ್ಷ ಕೃತಕ ಹಲ್ಲು ಮಾಡಿದವರು. ಹಲ್ಲು ಬಿಳಿ ಎಂದು ನಾವು ನೀವು ಅಂದುಕೊಂಡಿರುತ್ತೇವೆ. ಅವರ ಮಟ್ಟಿಗೆ ಅದು ಚಹಾ ಕುಡಿಯುವವರ ಬಿಳಿ, ಸಿಗರೇಟಿನವರ ಬಿಳಿ, ನಗದವರ ಬಿಳಿ. ಅಂಥವರಿಗೆ ದೃಷ್ಟಿಯ ನಡುಭಾಗವೇ ಮಸುಕಾಗತೊಡಗಿತು. ಡಾಕ್ಟರು ಅಂಚು ಉಳಿಯಬಹುದು, ನಡುವಿನದು ಹೋಗುತ್ತದೆ ಎಂದರು. ಅಕ್ಕ ಕೆಲಸ ಬಿಟ್ಟು ನಮ್ಮ ಮನೆಗೆ ಬಂದರು. ಬಂದ ವಾರವೇ ಹೇಳಿದರು: "ಬೆಂಕಿ ಕಾರಿದ ಬೆಟ್ಟ ಒಂದು ನೋಡ್ಬೇಕು ಅಂತ ಉಂಟು ರಘು. ಕಣ್ಣಿರುವಾಗ ಕರ್ಕೊಂಡು ಹೋಗ್ತೀಯಾ?"

ಕರೆದುಕೊಂಡು ಹೋಗುವುದು ಸುಲಭ, ಟಿಕೆಟ್ ಬುಕ್ ಮಾಡಿದರೆ ಆಯಿತು. ಆದರೆ ಅಕ್ಕನಿಗೆ ಅತ್ಯುತ್ತಮವಾದದ್ದನ್ನೇ ತೋರಿಸಬೇಕೆಂದು ರಘು ಹಟ ಹಿಡಿದ. ಚಳಿಗಾಲದಲ್ಲಿ ಮಳೆ ಎಂದು ಮುಂದಕ್ಕೆ ಹಾಕಿದ. ಬೇಸಿಗೆಯಲ್ಲಿ ಜನ ಜಾಸ್ತಿ ಎಂದು ಇನ್ನಷ್ಟು ಮುಂದಕ್ಕೆ ಹಾಕಿದ. ಆಮೇಲೆ ಜ್ವಾಲಾಮುಖಿ ಸುಮ್ಮನಿದೆ, ಅದು ಶುರುವಾಗಲಿ ಎಂದು ಪ್ರಸನ್ನ ಸಲಹೆ ಕೊಟ್ಟ. ಹೀಗೆ ಒಂದೂವರೆ ವರ್ಷ ಕಳೆಯಿತು. ನಾನು ಏನು ಮಾಡುತ್ತಿದ್ದೆ? ಇಬ್ಬರನ್ನೂ ಮನಸ್ಸಿನಲ್ಲೇ ಲೇವಡಿ ಮಾಡುತ್ತಿದ್ದೆ. ಲೇವಡಿ ಮಾಡುವವರಿಗೆ ತಾವೂ ಏನೋ ಮಾಡುತ್ತಿದ್ದೇವೆ ಎಂಬ ಭ್ರಮೆ ಇರುತ್ತದೆ.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ರಘು ಅಕ್ಕನೆದುರು ಲ್ಯಾಪ್‌ಟಾಪ್ ಇಟ್ಟು ಹೊಸ ರೂಟ್ ವಿವರಿಸುತ್ತಿದ್ದ. ಅಕ್ಕ ಅವನನ್ನೇ ನೋಡುತ್ತಿದ್ದವರು ತಲೆಯನ್ನು ಸ್ವಲ್ಪ ಓರೆ ಮಾಡಿದರು, ಮತ್ತೆ ನೇರ ಮಾಡಿದರು.

"ರಘು, ನಿನ್ನ ಎರಡು ಕಿವಿ ಕಾಣ್ತದೆ ಮಾರಾಯ. ನಡುವೆ ನೀನಿಲ್ಲ."

ರಘು ಲ್ಯಾಪ್‌ಟಾಪ್ ಮುಚ್ಚಿದ. ಬಹಳ ಹೊತ್ತು ಸಿಂಕಿನ ಮುಂದೆ ನಿಂತು, ತೊಳೆದಿದ್ದ ಲೋಟವನ್ನೇ ತೊಳೆದ. ಮುಂದಿನ ವಾರಕ್ಕೆ ನಾಲ್ಕು ಟಿಕೆಟ್ ಬುಕ್ ಆಯಿತು: ಅಕ್ಕ, ರಘು, ನಾನು, ಹದಿನಾರರ ಮಗಳು ಅನಘಾ.

ದ್ವೀಪದಲ್ಲಿ ಮಳೆಯಿತ್ತು, ಜನ ಜಾಸ್ತಿ ಇದ್ದರು, ಜ್ವಾಲಾಮುಖಿ ಸುಮ್ಮನಿತ್ತು. ಒಂದೂವರೆ ವರ್ಷ ನಾವು ಯಾವುದರಿಂದ ತಪ್ಪಿಸಿಕೊಂಡು ಓಡಿದೆವೋ ಆ ಮೂರೂ ಒಟ್ಟಿಗೆ ಸಿಕ್ಕವು. ಆದರೂ ಮೊದಲನೇ ವ್ಯೂ ಪಾಯಿಂಟಿನಲ್ಲಿ ಮೋಡ ಸರಿದು ಕಣಿವೆ ಕಂಡಿತು. ಅಕ್ಕ ಕಟಾಂಜನ ಹಿಡಿದು ನಿಂತು, "ನನಗೆ ಬರೀ ಮಬ್ಬು. ನೀವು ನೋಡಿ ಹೇಳಿ," ಎಂದರು.

"ತುಂಬಾ ಸೀನಿಕ್ ಇದೆ ಅಕ್ಕ," ಎಂದ ರಘು.

"ಅಂದ್ರೆ ಎಂತ?"

"ಅಂದ್ರೆ... ವ್ಯೂ ಸೂಪರ್ ಆಗಿದೆ."

ಅಕ್ಕ ನನ್ನತ್ತ ತಿರುಗಿದರು. ನಾನು ನಮ್ಮ ಕನ್ನಡ ಕೂಟದ ಸ್ಮರಣ ಸಂಚಿಕೆಗೆ ವರ್ಷಕ್ಕೊಂದು ಪ್ರವಾಸ ಲೇಖನ ಬರೆಯುವವಳು. ಗಂಟಲು ಸರಿಮಾಡಿಕೊಂಡು, "ನಯನಮನೋಹರವಾಗಿದೆ ಅಕ್ಕ. ಎಲ್ಲೆಲ್ಲೂ ಹಸಿರು," ಎಂದೆ.

"ಹಸಿರು ನನಗೂ ಗೊತ್ತುಂಟು. ಎಂಥ ಹಸಿರು?"

ನಾನು ನೋಡಿದೆ. ಹಸಿರು ಹಸಿರಾಗಿಯೇ ಇತ್ತು. ನಯನಮನೋಹರ, ರಮಣೀಯ, ಕಣ್ಮನ ಸೆಳೆಯುವ ಎಂದು ಇಷ್ಟು ವರ್ಷ ಬರೆದದ್ದೆಲ್ಲ ನೋಡದೆ ಬರೆದದ್ದು ಎಂಬುದು ಆ ಕಟಾಂಜನದ ಹತ್ತಿರ ಸಾಬೀತಾಯಿತು. ಅಷ್ಟರಲ್ಲಿ ರಘುವಿನ ಫೋನು ಹನ್ನೆರಡು ನಿಮಿಷ ಮುಗಿಯಿತೆಂದು ಕೂಗಿತು. ನಾನು ಅದಕ್ಕೆ ಕೃತಜ್ಞಳಾದೆ.

ಎರಡನೆಯ, ಮೂರನೆಯ ಪಾಯಿಂಟಿನಲ್ಲೂ ನಮ್ಮ ಗತಿ ಇದೇ. ಮೂವತ್ತು ವರ್ಷ ಬಣ್ಣ ಹೊಂದಿಸಿದ ಆ ಹೆಂಗಸು ನಮ್ಮ ಕಣ್ಣುಗಳನ್ನು ಸಾಲ ಕೇಳಿದ್ದರು. ನಾವು ಕೊಟ್ಟದ್ದು ಪೋಸ್ಟ್‌ಕಾರ್ಡಿನ ಹಿಂಬದಿಯ ಬರಹ.

ಮಧ್ಯಾಹ್ನ ಲಾವಾ ಬಯಲಿನ ನಡುವೆ ಹೋಗುತ್ತಿದ್ದಾಗ ಅಕ್ಕ, "ಇಲ್ಲಿ ನಿಲ್ಸು," ಎಂದರು.

"ಇಲ್ಲಿ ಏನೂ ಇಲ್ಲ ಅಕ್ಕ. ಪಾಯಿಂಟ್ ಇನ್ನೂ ಎಂಟು ಮೈಲಿ ಮುಂದೆ," ಎಂದ ರಘು.

"ಏನೂ ಇಲ್ಲದ್ದನ್ನು ನಾನೂ ನಿಮ್ಮಷ್ಟೇ ಚಂದ ನೋಡ್ತೇನೆ. ನಿಲ್ಸು."

ಕಾರು ನಿಂತಿತು. ಕಣ್ಣು ಹಾಯುವಷ್ಟು ದೂರ ಕಪ್ಪು. ದ್ವೀಪದ ಜನ ಒರಟು ಲಾವಾಕ್ಕೆ 'ಅಆ' ಎನ್ನುತ್ತಾರೆ. ನಮ್ಮ ವರ್ಣಮಾಲೆಯ ಮೊದಲೆರಡು ಅಕ್ಷರ ಅಲ್ಲಿ ಚೂಪು ಕಲ್ಲಾಗಿ ಬಿದ್ದಿವೆ. ಬರಿಗಾಲಲ್ಲಿ ತುಳಿದರೆ ಉಚ್ಚಾರವೂ ತಾನಾಗಿ ಬರುತ್ತದೆ. ನುಣುಪಾದ ಲಾವಾಕ್ಕೆ ಬೇರೆ ಹೆಸರು. ನಾವು ನಿಂತದ್ದು ನುಣುಪಿನ ಮೇಲೆ. ಅಕ್ಕ ಮೆಲ್ಲಗೆ ಕೂತು ಅಂಗೈ ಊರಿದರು.

ಕಿವಿಯಿಂದ ಇಯರ್‌ಫೋನ್ ತೆಗೆದ ಅನಘಾ ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಮನೆಯಲ್ಲಿ ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಅತ್ತೆ, ಇಟ್ಸ್ ಲೈಕ್... ವೇಟ್. ಹಾಲು ಇದೆಯಲ್ಲ? ಕಾಯಿಸಿ ಇಟ್ರೆ ಮೇಲೆ ಬರುತ್ತಲ್ಲ, ಅದು ಏನು?"

"ಕೆನೆ."

"ಹಾಂ, ಕೆನೆ. ಸ್ಪೂನ್‌ನಲ್ಲಿ ಪುಶ್ ಮಾಡಿದ್ರೆ ಮಡಚಿ ಮಡಚಿ ಬರುತ್ತಲ್ಲ, ಹಾಗೆ ಇದೆ. ಬಟ್ ಕಪ್ಪು. ಫುಲ್ ಕಪ್ಪು ಅಲ್ಲ, ಸೈಡ್‌ನಲ್ಲಿ ಕಾಗೆ ಥರ ಬ್ಲೂ ಹೊಳೆಯುತ್ತೆ. ಕ್ರ್ಯಾಕ್‌ನಲ್ಲಿ ಒಂದೇ ಒಂದು ಚಿಕ್ಕ ಗಿಡ ಇದೆ. ನಿಮ್ಮ ಕೈ ಹತ್ರಾನೇ."

ಅಕ್ಕನ ಬೆರಳು ಮಡಿಕೆಯಿಂದ ಮಡಿಕೆಗೆ ಸರಿದು ಆ ಗಿಡ ಮುಟ್ಟಿತು. "ಹೌದು ಮಾರಾಯ್ತಿ, ಕೆನೆಯೇ," ಎಂದರು. ಅವರ ಕೆನ್ನೆ ಒದ್ದೆಯಾಗಿತ್ತು. ಮಳೆ ಆಗ ನಿಂತಿತ್ತು. ಮುಂದಿನ ಪಾಯಿಂಟಿಗೆ ಹೊತ್ತಾಯಿತೆಂದು ರಘುವಿನ ಫೋನು ಮತ್ತೆ ಕೂಗಿತು. ಅವನು ಅದನ್ನು ಆಫ್ ಮಾಡಿ, ಅಕ್ಕನ ಇನ್ನೊಂದು ಬದಿಗೆ ಬಂದು ಕಲ್ಲಿನ ಮೇಲೆ ಕೂತ. "ಸಾರಿ ಅಕ್ಕ. ಮೊದಲೇ ಬರಬೇಕಿತ್ತು," ಎಂದ. ಅಕ್ಕ ಇಲ್ಲ ಎನ್ನಲಿಲ್ಲ. ಅವನ ಮೊಣಕಾಲಿನ ಮೇಲೆ ಕೈಯಿಟ್ಟರು, ಅಷ್ಟೆ.

ಉಳಿದ ನಾಲ್ಕು ದಿನ ನಮ್ಮದು ನಾಚಿಕೆಗೇಡಿನ ಡ್ರೈವ್. ದಿನಕ್ಕೆ ಎರಡು ಕಡೆ ನಿಂತರೆ ಹೆಚ್ಚು. ಇಪ್ಪತ್ತೇಳರಲ್ಲಿ ಹದಿನೆಂಟು ಪಾಯಿಂಟ್‌ಗಳನ್ನು ನಾವು ನೋಡಲೇ ಇಲ್ಲ. ಜಲಪಾತದ ಹತ್ತಿರ ರಘು ಮುಕ್ಕಾಲು ಗಂಟೆ ತೊದಲಿ, ಕೊನೆಗೆ, "ಹರಿದ ಲಂಗದ ಹಾಗೆ, ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ," ಎಂದು ಅಕ್ಕನಿಂದ ಪಾಸ್ ಮಾರ್ಕು ಪಡೆದ. ನಾನು ಮೂರು ಸಲ ಫೇಲಾದೆ. ಬಾಯಿಗೆ ಬರುವ ಮೊದಲ ಮಾತು ಯಾವಾಗಲೂ ಯಾರದೋ ಆಗಿರುತ್ತಿತ್ತು. ಅದನ್ನು ನುಂಗಿ ಎರಡನೆಯದಕ್ಕೆ ಕಾಯುವುದು ಎಷ್ಟು ಕಷ್ಟವೆಂದರೆ, ಸಂಜೆಯ ಹೊತ್ತಿಗೆ ಕಣ್ಣು ನೋಯುತ್ತಿತ್ತು.

ಮನೆಗೆ ಮರಳಿದ ಮರುದಿನ ಅಕ್ಕ ಮಂಗಳೂರಿನ ಗೆಳತಿಗೆ ಫೋನ್ ಮಾಡಿದರು. ಕಪ್ಪು ಕೆನೆ, ಕಾಗೆ ನೀಲಿ, ಹರಿದ ಲಂಗ ಎಲ್ಲವನ್ನೂ ತಾವೇ ಕಂಡವರಂತೆ ಒಂದು ಗಂಟೆ ವರ್ಣಿಸಿದರು. ಬಟ್ಟೆ ಮಡಚುತ್ತಿದ್ದ ನಾನು ಕೇಳುತ್ತಿದ್ದೆ. ಅವರು ಹೇಳಿದ ದ್ವೀಪ ನಾನು ಹೋಗಿದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಆಚೆಯಿಂದ ಗೆಳತಿ ನಮ್ಮ ಬಗ್ಗೆ ಕೇಳಿರಬೇಕು.

"ಅವರಾ?" ಎಂದರು ಅಕ್ಕ, ದನಿ ತಗ್ಗಿಸುವ ಗೋಜಿಗೇ ಹೋಗದೆ. "ಅವರಿಗೆ ಕಣ್ಣೆಲ್ಲ ಸರಿ ಉಂಟು ಮಾರಾಯ್ತಿ. ಆದ್ರೆ ಯಾರಾದ್ರೂ ಕೇಳಿದ್ರೆ ಮಾತ್ರ ಕಾಣ್ತದೆ."