ಹೊಂಗೆ ಮರದಲ್ಲಿ ತೂಗುತ್ತಿದ್ದ ಕುಡಿಕೆ

ಕಳೆದ ತಿಂಗಳು ಕಣ್ಣಿನ ಪೊರೆ ತೋರಿಸಲು ಮೈಸೂರಿನ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಹಳೆಯ ಕಟ್ಟಡ, ಜಾಲರಿ ಬಾಗಿಲಿನ ಹಳೆಯ ಲಿಫ್ಟು. ಅದು ಇಳಿದು ಬರುವಾಗ ಗರಗರ ಎಂದು ಸರಪಳಿ ಎಳೆದ ಶಬ್ದ, ಆಮೇಲೆ ಒಂದು ಕ್ಷಣ ಏನೂ ಇಲ್ಲ, ಆಮೇಲೆ ಠಣ್ ಎಂದು ಒಂದೇ ಒಂದು ಗಂಟೆ. ನರ್ಸ್ ಹುಡುಗಿ "ಬನ್ನಿ ಆಂಟಿ" ಎಂದು ಕೈ ಹಿಡಿದಳು. ನನಗೆ ಒಳಗೆ ಕಾಲಿಡಲು ಆಗಲಿಲ್ಲ. ಮೆಟ್ಟಿಲು ಹತ್ತಿಯೇ ಬರುತ್ತೇನಮ್ಮ ಎಂದೆ. ಎಪ್ಪತ್ತೆಂಟರ ಮಂಡಿ ಹೊತ್ತುಕೊಂಡು ಎರಡು ಮಹಡಿ ಹತ್ತಿದೆ...

ಆ ಶಬ್ದವನ್ನು ನಾನು ಇಪ್ಪತ್ತು ವರ್ಷಗಳ ಹಿಂದೆ ಪ್ರತಿ ಭಾನುವಾರ ಕೇಳುತ್ತಿದ್ದೆ. ಆಗ ಕೇಬಲ್‌ನಲ್ಲಿ ಇಂಗ್ಲಿಷ್ ಹಾರರ್ ಸೀರಿಯಲ್ ಒಂದು ಬರುತ್ತಿತ್ತು. ವಾರಕ್ಕೊಂದು ಕಥೆ, ಈ ವಾರದ ಜನ ಮುಂದಿನ ವಾರ ಇರುತ್ತಿರಲಿಲ್ಲ. ಬದಲಾಗದೆ ಇದ್ದದ್ದು ಶುರುವಾಗುವ ರೀತಿ ಮಾತ್ರ. ಕತ್ತಲಲ್ಲಿ ಒಂದು ಲಿಫ್ಟು ಇಳಿದು ಬರುತ್ತದೆ, ಗಂಟೆ ಹೊಡೆಯುತ್ತದೆ, ಬಾಗಿಲು ತೆರೆದರೆ ಅವತ್ತಿನ ಕಥೆ. ಅದನ್ನು ಭಾನುವಾರ ಮಧ್ಯಾಹ್ನ ಮೂರಕ್ಕೆ ರಿಪೀಟ್ ಹಾಕುತ್ತಿದ್ದರು. ಶ್ರೀರಂಗಪಟ್ಟಣದ ಉರಿಬಿಸಿಲಿನಲ್ಲಿ ಕಿಟಕಿಗೆ ಬೆಡ್‌ಶೀಟ್ ಕಟ್ಟಿಕೊಂಡು ನಾನು ದೆವ್ವ ನೋಡುತ್ತಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷ್ ತುಕ್ಕು ಹಿಡಿಯಬಾರದಲ್ಲ ಎನ್ನುವುದು ನೆಪ. ನಿಜ ಹೇಳಬೇಕೆಂದರೆ ಯಜಮಾನರು ಹೋದ ಮೇಲೆ ಭಾನುವಾರದ ಮಧ್ಯಾಹ್ನಗಳು ನನ್ನನ್ನು ದೆವ್ವಗಳಿಗಿಂತ ಹೆಚ್ಚು ಹೆದರಿಸುತ್ತಿದ್ದವು.

ಎದುರುಮನೆಯವಳು ನಮಗೆ ಹಾಲು ಹಾಕುತ್ತಿದ್ದಳು. ಕ್ಯಾತನಹಳ್ಳಿಯ ಹೆಣ್ಣು, ಆಗಿನ್ನೂ ಮೂವತ್ತು ದಾಟಿರಲಿಲ್ಲ. ಎರಡು ಹಸು, ಒಬ್ಬ ಅತ್ತೆ, ಹೊಳೆಯ ಅಂಚಿನಲ್ಲಿ ಒಂದಿಷ್ಟು ಕಬ್ಬಿನ ಗದ್ದೆ. ಗಂಡ ಇದ್ದ, ಆ ವರ್ಷದ ಯುಗಾದಿಯವರೆಗೆ. ಹೊಳೆಯಿಂದ ಮರಳು ಎತ್ತುವ ಲಾರಿಗಳು ಅವನ ಕಬ್ಬನ್ನು ತುಳಿದುಕೊಂಡೇ ಓಡಾಡುತ್ತಿದ್ದವು. ಒಂದು ದಿನ ಅವನು ದಾರಿಗೆ ಅಡ್ಡಲಾಗಿ ಎತ್ತಿನ ಗಾಡಿ ನಿಲ್ಲಿಸಿ ಅದರ ಮೇಲೇ ಕೂತುಬಿಟ್ಟ. ನಾಲ್ಕನೆಯ ದಿನ ಹೆದ್ದಾರಿಯಲ್ಲಿ ಅವನ ಬೈಕಿಗೆ ನಂಬರ್ ಪ್ಲೇಟ್ ಇಲ್ಲದ ಲಾರಿಯೊಂದು ಗುದ್ದಿತು. ಆಕ್ಸಿಡೆಂಟ್ ಎಂದು ಬರೆದುಕೊಂಡರು.

ಲಾರಿ ಯಾರದೆಂದು ಬೀದಿಗೆಲ್ಲ ಗೊತ್ತಿತ್ತು. ಅವನನ್ನು ಎಲ್ಲರೂ 'ಅಣ್ಣ' ಎನ್ನುತ್ತಿದ್ದರು. ಹುಡುಗರ ಪಡೆ ಕಟ್ಟಿಕೊಂಡು ಬಿಳಿ ಜೀಪಿನಲ್ಲಿ ತಿರುಗುತ್ತಿದ್ದ ರೌಡಿ. ಅವನು ಬಂದರೆ ಟೀ ಅಂಗಡಿಯ ಬೆಂಚು ತಾನಾಗಿ ಖಾಲಿಯಾಗುತ್ತಿತ್ತು. ಸಾಕ್ಷಿ ಹೇಳಲು ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ನಾನು ಕಣ್ಣಾರೆ ಏನನ್ನೂ ಕಂಡಿರಲಿಲ್ಲ ಎನ್ನುವುದು ಟೆಕ್ನಿಕಲಿ ನಿಜ.

ಅವಳ ಗಂಡನನ್ನು ಸುಟ್ಟ ಮೂರನೆಯ ದಿನ ಮೂಳೆ ಬೂದಿ ಆರಿಸಿ ಮಣ್ಣಿನ ಕುಡಿಕೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ತಂದರು. ಅಸ್ಥಿಯನ್ನು ಮನೆಯೊಳಗೆ ತರುವಂತಿಲ್ಲ. ಹಿತ್ತಲ ಹೊಂಗೆ ಮರದ ಕೊಂಬೆಗೆ ತೂಗುಹಾಕಿದರು. ಎಲ್ಲ ಕಡೆಯವರೂ ಅಸ್ಥಿ ಬಿಡಲು ಬರುವ ಪಶ್ಚಿಮವಾಹಿನಿಗೆ ನಮ್ಮ ಬೀದಿಯಿಂದ ನಡೆದೇ ಹೋಗಬಹುದು. ಆದರೆ ಆ ಬೇಸಿಗೆ ಹೊಳೆಯಲ್ಲಿ ಹರಿವೇ ಇರಲಿಲ್ಲ. ಬಂಡೆಗಳ ನಡುವೆ ಪಾಚಿಗಟ್ಟಿದ ಗುಂಡಿಗಳಷ್ಟೇ. "ನಿಂತ ನೀರ್ಗೆ ನನ್ ಮಗನ್ನ ಬುಡಾಕಿಲ್ಲ. ಕನ್ನಂಬಾಡಿ ಕಟ್ಟೆಯಿಂದ ನೀರು ಬುಡ್ಲಿ, ಅರಿಯೋ ನೀರ್ಗೇ ಬುಡ್ತೀನಿ" ಎಂದಳು ಅತ್ತೆ. ಅಲ್ಲಿಯವರೆಗೆ ಎಲೆಅಡಿಕೆ ಮುಟ್ಟುವುದಿಲ್ಲ ಎಂದೂ ಹೇಳಿದಳು. ಬಾಯಲ್ಲಿ ಎಲೆಅಡಿಕೆ ಇಲ್ಲದ ಆ ಮುದುಕಿಯನ್ನು ನಾವು ಯಾರೂ ಕಂಡವರಲ್ಲ.

ಎರಡು ತಿಂಗಳು ಕಳೆದಿರಬೇಕು. ಒಂದು ಭಾನುವಾರ ಹಾಲಿನ ಪಾತ್ರೆ ವಾಪಸು ಒಯ್ಯಲು ಬಂದ ಸೊಸೆ ನಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಟಿವಿಯಲ್ಲಿ ಹ್ಯಾಟು ತೊಟ್ಟ ಗ್ಯಾಂಗ್‌ಸ್ಟರ್ ಒಬ್ಬ ತನಗೆ ಎದುರಾಡಿದ ಅಂಗಡಿಯವನನ್ನು ಕೊಂದು, ತನ್ನ ಕ್ಲಬ್ಬಿನ ನೆಲದ ಸಿಮೆಂಟಿನಲ್ಲಿ ಹೂಳಿಸಿದ್ದ.

"ಏನಂತಾವ್ರೆ ಮೇಡಮ್ಮೋರೆ?"

ಹೇಳಿದೆ. ಅವಳು ಹೊಸ್ತಿಲ ಮೇಲೆ ಕೂತಳು. ನೆಲ ಬಿರುಕು ಬಿಟ್ಟಿತು, ಬಿರುಕಿನಿಂದ ಕೈ ಬಂತು, ಕೈ ಅವನ ಕಾಲು ಹಿಡಿಯಿತು...

"ಸತ್ನಾ?"

"ಸತ್ತ."

"ಪೂರ್ತಿ ಸತ್ನಾ? ಆಸ್ಪತ್ರೆ ಗೀಸ್ಪತ್ರೆಗೆ ಆಕಿ ಉಳುಸ್ಕೊಳಾಕಿಲ್ವಾ?"

"ಇಲ್ಲ. ಪೂರ್ತಿ ಸತ್ತ."

ಅವಳು ನಕ್ಕಳು. ಆ ಎರಡು ತಿಂಗಳಲ್ಲಿ ಅದೇ ಮೊದಲು. ನಗು ಎನ್ನುವುದಕ್ಕಿಂತ, ಬಿಗಿಹಿಡಿದಿದ್ದ ಉಸಿರನ್ನು ಹೊರಗೆ ಬಿಟ್ಟ ಹಾಗಿತ್ತು ಅದು.

ಅವತ್ತಿನಿಂದ ಮೂರು ಗಂಟೆಗೆ ಹಾಜರು. ಎಲ್ಲ ವಾರವೂ ಗ್ಯಾಂಗ್‌ಸ್ಟರ್ ಕಥೆ ಇರುತ್ತಿರಲಿಲ್ಲ. ಒಂದು ವಾರ ಮಾತಾಡುವ ಗೊಂಬೆ, ಇನ್ನೊಂದು ವಾರ ಬಾವಲಿ. ಆಗ ಅವಳಿಗೆ ಸಿಟ್ಟು. "ಥೂ, ಇವತ್ತು ಬರೀ ಗೊಂಬೇನಾ? ರೌಡಿಗಳ್ಗೆಲ್ಲ ರಜಾ ಕೊಟ್ಟವ್ರಾ?" ಎಂದು ಸೆರಗು ಕೊಡವಿಕೊಂಡು ಎದ್ದು ಹೋಗುತ್ತಿದ್ದಳು. ರೌಡಿಗಳಿದ್ದ ದಿನ ಮಾತ್ರ ಕಣ್ಣು ಮಿಟುಕಿಸದೆ ಕೂರುತ್ತಿದ್ದಳು. ನಾನು ಪಕ್ಕದಲ್ಲಿ ಟ್ರಾನ್ಸ್‌ಲೇಷನ್ ಮಾಡುತ್ತಿದ್ದೆ. ಇಂಗ್ಲಿಷಿನವರು ಒಮ್ಮೊಮ್ಮೆ ರೌಡಿಯನ್ನು ಉಳಿಸಿಬಿಡುತ್ತಿದ್ದರು. ನಾನು ಕನ್ನಡದಲ್ಲಿ ಕೊಂದುಬಿಡುತ್ತಿದ್ದೆ. ಕೊನೆಯಲ್ಲಿ ಅವನು ಕಾರು ಹತ್ತಿ ಆರಾಮಾಗಿ ಹೊರಟರೆ, "ಮುಂದೆ ಸೇತುವೆ ಮುರಿದಿದೆ, ಅವನಿಗೆ ಗೊತ್ತಿಲ್ಲ" ಎನ್ನುತ್ತಿದ್ದೆ. ಪಾಪ, ಅಷ್ಟಾದರೂ ಸಿಗಲಿ ಎಂದು.

ಒಂದು ಭಾನುವಾರ ಕಥೆ ಮುಗಿದ ಮೇಲೂ ಅವಳು ಏಳಲಿಲ್ಲ. "ಸತ್ತೋರೆಲ್ಲಾರೂ ಬರಾಕಿಲ್ವಲ್ಲ ಮೇಡಮ್ಮೋರೆ. ಇವನೊಬ್ಬ ಎಂಗ್ ಬಂದ?"

ನಿಜವಾಗಿ ಆ ಕಥೆಯಲ್ಲಿ ಸತ್ತವನು ಬಂದದ್ದು ಒಂದು ಕೈಗಡಿಯಾರದ ದೆಸೆಯಿಂದ. ಅದನ್ನು ಕನ್ನಡದಲ್ಲಿ ವಿವರಿಸಲು ಬೇಜಾರಾಯಿತು. ಮೂವತ್ತು ವರ್ಷ ಪಾಠ ಮಾಡಿದವಳಿಗೆ ಗೊತ್ತಿಲ್ಲ ಎನ್ನುವುದೂ ಬರುವುದಿಲ್ಲ. "ಅವನ ಅಸ್ಥಿಯನ್ನು ನೀರಿಗೆ ಬಿಟ್ಟಿರಲಿಲ್ಲ. ಅದಕ್ಕೇ ಕೆಲಸ ಮುಗಿಸುವವರೆಗೆ ಇಲ್ಲೇ ಉಳಿದಿದ್ದ" ಎಂದೆ.

ಅವಳು ಎದ್ದಳು. ಪಾತ್ರೆ ತೆಗೆದುಕೊಂಡು ಹೋದಳು. ನಾನು ಕಾಫಿಗೆ ಇಟ್ಟೆ.

ಆಷಾಢದಲ್ಲಿ ಕಟ್ಟೆ ತುಂಬಿತು, ನೀರು ಬಿಟ್ಟರು. ಹೊಳೆಯ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಅತ್ತೆ ಒಳ್ಳೆಯ ದಿನ ನೋಡಿಸಿದಳು. ಸೊಸೆ ಬೇಡ ಎಂದಳು. ಇನ್ನೊಂದು ದಿನ ನೋಡಿಸಿದಳು. ಅವತ್ತೂ ಬೇಡ. ಮೂರನೆಯ ಸಲ ಮುದುಕಿ ತಾನೇ ಕೋಲು ಹಿಡಿದು ಕುಡಿಕೆ ಇಳಿಸಲು ಹೋದರೆ, ಇವಳು ಕುಡುಗೋಲು ಹಿಡಿದುಕೊಂಡು ಮರದ ಬುಡದಲ್ಲಿ ನಿಂತಳಂತೆ.

ಮುದುಕಿ ಅಳುತ್ತಾ ನಮ್ಮ ಜಗುಲಿಗೆ ಬಂದಳು. "ಬೆಂಗ್ಳೂರಿಂದ ಕಾರಲ್ ಬಂದ್ ಬುಟ್ಟೋಯ್ತಾರೆ ಕಣವ್ವ. ಇವ್ಳಿಗೆ ಎರಡ್ ಬೀದಿ ದೂರ ಆಗೋಯ್ತಾ? ನನ್ ಮಗ ಕಾಗೆ ಅಂಗೆ ಮರದಾಗೆ ನೇತಾಡ್ತಾವ್ನೆ. ನೀವು ಓದಿರೋರು, ನೀವಾದ್ರೂ ಒಂದ್ ಮಾತ್ ಯೋಳಿ. ಯಾವ ಮುಂಡೆ ಇವ್ಳ ತಲೆ ಕೆಡ್ಸವ್ಳೋ..."

ಆ ಮುಂಡೆ ಅವಳ ಎದುರಿಗೇ ಕೂತಿದ್ದಳು.

ನಾನು ತಕ್ಷಣ ಹೋಗಿ ಹೇಳಬೇಕಿತ್ತು. ಮೂರು ಭಾನುವಾರ ತೆಗೆದುಕೊಂಡೆ. ಸಿಸ್ಟರ್‌ಗಳು ನಮಗೆ ಕನ್ಫೆಷನ್ ಬಗ್ಗೆ ಬೇಕಾದಷ್ಟು ಹೇಳಿದ್ದರು. ಅದನ್ನು ಹಾಲಿನವಳ ಮುಂದೆ ಮಾಡಬೇಕಾಗುತ್ತದೆ ಎಂದು ಹೇಳಿರಲಿಲ್ಲ. ಕೊನೆಗೆ ಕೊಟ್ಟಿಗೆಗೆ ಹೋಗಿ, ಅವಳು ಹಾಲು ಕರೆಯುತ್ತಿರುವಾಗ ಬೆನ್ನಿಗೆ ಹೇಳಿದೆ. ಅವತ್ತಿನ ಅಸ್ಥಿಯ ಮಾತು ಕಥೆಯಲ್ಲಿ ಇರಲಿಲ್ಲ, ನಾನೇ ಸೇರಿಸಿದ್ದು, ಸುಳ್ಳು.

ಅವಳ ಕೈ ನಿಲ್ಲಲಿಲ್ಲ. "ಯಾಕ್ ಯೋಳುದ್ರಿ ಸುಳ್ಳ?"

"ನಿನಗೆ ಸಮಾಧಾನವಾಗಲಿ ಅಂತ."

"ಅಂಗಾರೆ ಇವತ್ತು ನಮ್ ಅತ್ತೆ ಸಮಾದಾನಕ್ಕೆ ಯೋಳ್ತಾ ಇದೀರಿ. ಬುಡಿ."

ನಾನು ಮನೆಗೆ ಬಂದೆ.

ಮುಂದಿನ ಭಾನುವಾರದಿಂದ ಕೇಬಲ್ ಕೆಟ್ಟಿದೆ ಎಂದು ಬಾಗಿಲು ಹಾಕಿಕೊಂಡೆ. ಆದರೆ ನನಗೂ ಅದರ ಚಟ ಹತ್ತಿತ್ತು. ವಾಲ್ಯೂಮ್ ಇಳಿಸಿ ನೋಡುತ್ತಿದ್ದೆ. ಒಂದು ದಿನ ಕಿಟಕಿಯ ಬೆಡ್‌ಶೀಟು ಅಲುಗಾಡಿತು. ಹೊರಗೆ ಅವಳು, ಕಂಬಿಗೆ ಕಿವಿ ಕೊಟ್ಟು ನಿಂತಿದ್ದಳು. ಭಾಷೆ ಬರದಿದ್ದರೂ ಗುಂಡಿನ ಸದ್ದು, ಕಿರುಚುವ ಸದ್ದು ಅವಳಿಗೆ ಸಾಕಾಗುತ್ತಿತ್ತು.

ದಸರಾ ಹೊತ್ತಿಗೆ ಬಿಳಿ ಜೀಪು ನಾಗಮಂಗಲದ ರಸ್ತೆಯಲ್ಲಿ ಮಗುಚಿಕೊಂಡು ಅಣ್ಣನ ಕಾಲು ಮುರಿಯಿತು. ಅವತ್ತು ಬೆಳಿಗ್ಗೆ ನನ್ನ ಪಾತ್ರೆಗೆ ಒಂದು ಲೀಟರ್ ಹೆಚ್ಚಿಗೆ ಹಾಲು ಹಾಕಿದಳು. ಪಿಸುಮಾತಿನಲ್ಲಿ, "ನಮ್ಮೋರು ಶುರು ಅಚ್ಕೊಂಡವ್ರೆ ಮೇಡಮ್ಮೋರೆ. ಕಾಲಿಂದ ಶುರು ಮಾಡವ್ರೆ" ಎಂದಳು. ಆ ಒಂದೂವರೆ ತಿಂಗಳು ಅವಳ ಮುಖ ಎಷ್ಟು ತಿಳಿಯಾಗಿತ್ತು! ತಲೆಗೆ ಹೂವು ಮುಡಿದುಕೊಳ್ಳುವುದೊಂದು ಬಾಕಿ. ಆಮೇಲೆ ಅವನು ಸ್ವಲ್ಪ ಕುಂಟುತ್ತ ಟೀ ಅಂಗಡಿಗೆ ಬಂದ. ಬೆಂಚು ಖಾಲಿಯಾಯಿತು.

ಕಾರ್ತಿಕದ ಕೊನೆಯ ಮಳೆ. ಬೆಳಿಗ್ಗೆ ಮುದುಕಿಯ ಕೂಗು ಕೇಳಿ ಓಡಿದೆ. ಕೋತಿಗಳು ತಿನ್ನುವ ಪದಾರ್ಥವೆಂದುಕೊಂಡು ಕುಡಿಕೆಯ ಬಟ್ಟೆ ಹರಿದು ಎತ್ತಿ ಹಾಕಿದ್ದವು. ಹೊಂಗೆ ಮರದ ಕೆಳಗೆ ಬರೀ ಬೋಕಿ ಚೂರು. ಅದರ ಮೇಲೆ ಮಳೆ. ಬೂದಿ ಕೆಸರಿನೊಳಗೆ ಹೋಗಿ, ಕೆಸರು ಹಿತ್ತಲ ಮೋರಿಯ ಕಡೆಗೆ ಹರಿಯುತ್ತಿತ್ತು. ಅವಳು ಮಂಡಿಯೂರಿ ಎರಡೂ ಕೈಯಲ್ಲಿ ಮಣ್ಣು ಬಾಚಿ ಬಾಚಿ ಮಂಕರಿಗೆ ತುಂಬುತ್ತಿದ್ದಳು. ಯಾವುದು ಮಣ್ಣು, ಯಾವುದು ಅವನು, ಗೊತ್ತಾಗುತ್ತಿರಲಿಲ್ಲ. "ಚರಂಡಿಗೋಗ್ಬುಡ್ತಾರೆ ಇವ್ರು... ಮೇಡಮ್ಮೋರೆ, ಅಡ್ಡ ಕಟ್ಟಿ, ಚರಂಡಿಗೋಗ್ಬುಡ್ತಾರೆ..." ನಾನು ಕಾಟನ್ ಸೀರೆಯಲ್ಲಿ ಕೆಸರಿನಲ್ಲಿ ಕೂತು ಮೋರಿಯ ಬಾಯಿಗೆ ಕೈ ಅಡ್ಡ ಹಿಡಿದೆ.

ಮಂಕರಿ ತುಂಬಿದ ಮೇಲೆ ಅವಳು ಅತ್ತೆಯ ಮುಖ ನೋಡಿದಳು. ಇವಳೇ ಮಂಕರಿಯನ್ನು ಸೊಂಟಕ್ಕೆ ಎತ್ತಿಕೊಂಡು ಹೊಳೆಯ ದಾರಿ ಹಿಡಿದಳು. ಅತ್ತೆಗೆ ಆ ಮಳೆಯಲ್ಲಿ ನಡೆಯಲು ಆಗುವುದಿಲ್ಲವಲ್ಲ, ನಾನು ಹಿಂದೆ ಹೋದೆ.

ಆ ಮಧ್ಯಾಹ್ನವೇ ನಾದಿನಿಯ ಆಪರೇಷನ್ ಎಂದು ನಾನು ಮೈಸೂರಿಗೆ ಹೊರಡಬೇಕಿತ್ತು. ಹತ್ತು ದಿನ ಬಿಟ್ಟು ಬಂದಾಗ ಎದುರುಮನೆಗೆ ಬೀಗ. ಹಸುಗಳನ್ನೂ ಅತ್ತೆಯನ್ನೂ ಕರೆದುಕೊಂಡು ಕ್ಯಾತನಹಳ್ಳಿಗೆ ಹೋದಳು ಎಂದರು. ಹೆಚ್ಚೆಂದರೆ ಒಂದು ಗಂಟೆಯ ಬಸ್ಸು. ನಾನು ಹೋಗಲಿಲ್ಲ. ಇವತ್ತು ಹೋಗೋಣ, ನಾಳೆ ಹೋಗೋಣ... ಕೆಲವು ವರ್ಷಗಳ ಮೇಲೆ ಪಾಂಡವಪುರದ ಬಸ್ಸಿನಲ್ಲಿ ಆ ಊರಿನ ಹೆಂಗಸೊಬ್ಬಳು ಸಿಕ್ಕು, ಸೊಸೆ ಜ್ವರ ಬಂದು ತೀರಿಕೊಂಡಳು ಎಂದಳು. ಅವಳನ್ನು ಯಾವ ನೀರಿಗೆ ಬಿಟ್ಟರೋ ಕೇಳಲು ನನಗೆ ಬಾಯಿ ಬರಲಿಲ್ಲ. ಅಣ್ಣ ಇದ್ದಾನೆ. ಬೆಳ್ಳೂರು ಕ್ರಾಸಿನಲ್ಲಿ ಹಬ್ಬ ಬಂದಾಗಲೆಲ್ಲ ಫ್ಲೆಕ್ಸಿನ ಮೇಲಿನಿಂದ ಕೈಮುಗಿದು ನಮಗೆಲ್ಲ ಶುಭಾಶಯ ಕೋರುತ್ತಾನೆ.

ಹಾಗಾಗಿ ನಾನು ಅವಳನ್ನು ಕೊನೆಯ ಸಲ ಕಂಡದ್ದು ಆ ಮಳೆಯ ಬೆಳಿಗ್ಗೆಯೇ, ಪಶ್ಚಿಮವಾಹಿನಿಯ ಮೆಟ್ಟಿಲುಗಳ ಮೇಲೆ.

ಅಲ್ಲಿ ಜನ ಕಿಕ್ಕಿರಿದಿದ್ದರು. ಅಣ್ಣನ ತಾಯಿ ತೀರಿಕೊಂಡಿದ್ದಳಂತೆ, ನನಗೆ ತಿಳಿದಿರಲಿಲ್ಲ. ತಲೆ ಬೋಳಿಸಿಕೊಂಡು, ಒದ್ದೆ ಪಂಚೆಯಲ್ಲಿ, ಕೆಂಪು ವಸ್ತ್ರ ಸುತ್ತಿದ ಮಡಕೆಯನ್ನು ಎದೆಗವಚಿಕೊಂಡು ಅವನು ನಿಂತಿದ್ದ. ಕಣ್ಣು ಅತ್ತು ಅತ್ತು ಊದಿತ್ತು. ಸುತ್ತ ಅವನ ಹುಡುಗರು. ನಾನು ಅವಳ ತೋಳು ಹಿಡಿದು ಹಿಂದಕ್ಕೆ ಎಳೆದೆ. ಅವಳು ಬಿಡಿಸಿಕೊಂಡಳು.

ಪುರೋಹಿತರು ಮಂಕರಿಯನ್ನೊಮ್ಮೆ ನೋಡಿ, ಬೈಯದೆ, "ಹೋದವರ ಹೆಸರೇನಮ್ಮ?" ಎಂದರು.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ. ರೇಷನ್ ಅಂಗಡಿಯಲ್ಲೂ ಪಕ್ಕದವರ ಬಾಯಿಂದ ಹೇಳಿಸುತ್ತಿದ್ದವಳು. ಅವಳ ಪರವಾಗಿ ಹೇಳಲು ನಾನು ಬಾಯಿ ತೆರೆದೆ. ಅವಳು ಕೈಯೆತ್ತಿ ತಡೆದು, ಪುರೋಹಿತರ ಕಡೆಗಲ್ಲ, ಆ ಬೋಳುತಲೆಯ ಕಡೆ ತಿರುಗಿ, ಗಂಡನ ಹೆಸರು ಹೇಳಿದಳು. ಅವನ ಅಪ್ಪನ ಹೆಸರು. ಬೀದಿ. ಹೊಳೆಯಂಚಿನ ಗದ್ದೆ. ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ನೋಡಿದರು.

ಅವನೂ ನೋಡಿದ. ಕಷ್ಟದಲ್ಲಿರುವ ಅಪರಿಚಿತರನ್ನು ನೋಡುವ ಹಾಗೆ, ಮರುಕದಿಂದ.

ಅವಳು ಇನ್ನೊಂದು ಸಲ ಹೇಳಿದಳು. ಇನ್ನೂ ಗಟ್ಟಿಯಾಗಿ.

"ಆಯ್ತು ಬುಡವ್ವ, ಅಳಬ್ಯಾಡ" ಎಂದ ಅವನು. ತನ್ನ ಹುಡುಗರಿಗೆ, "ದಾರಿ ಬುಡ್ರಲಾ. ಆಯಮ್ಮ ಮೊದ್ಲು ಬುಡ್ಲಿ" ಎಂದು ಪಕ್ಕಕ್ಕೆ ಸರಿದು ನಿಂತ.

ಅವಳು ಇಳಿದಳು. ಮಂಕರಿಯನ್ನು ಓರೆ ಮಾಡಿದಳು. ನೀರು ಒಂದು ಗಳಿಗೆ ಕೆಂಪಗೆ ಬಗ್ಗಡವಾಗಿ, ಆಮೇಲೆ ತಿಳಿಯಾಯಿತು. ಖಾಲಿ ಮಂಕರಿಯನ್ನು ಸೊಂಟಕ್ಕಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದು ನನ್ನ ಮುಂದೆ ನಿಂತಳು.

"ಎಸ್ರೇ ಗೊತ್ತಿಲ್ಲ ಮೇಡಮ್ಮೋರೆ ಅವನ್ಗೆ" ಎಂದಳು. ಆಮೇಲೆ ನನ್ನನ್ನು ದಾಟಿಕೊಂಡು ಹೋದಳು.