ಸ್ಕ್ಯಾನ್ ನಡೆದಾಗ ಮಿಕ್ಸರ್ ಹಚ್ಚಬಾರದು

ಇವತ್ತು ಹೊಸ ಲ್ಯಾಪ್‌ಟಾಪಿಗೆ ಆ್ಯಂಟಿವೈರಸ್ ಹಾಕುತ್ತಿದ್ದೆ. ಮರೆಮಾಡಿದ ಫೈಲುಗಳನ್ನೂ ಹುಡುಕಬೇಕೆ ಎಂದು ಕೇಳಿತು. ಬೆರಳು ಅಲ್ಲೇ ನಿಂತಿತು.

ನಾನು ಸಣ್ಣವಳಿದ್ದಾಗ ಪರವೂರಿನಲ್ಲಿ, ನಾರಾಯಣಗೂಡದ ಬಾಡಿಗೆ ಮನೆಯಲ್ಲಿ, ಪ್ರತಿ ಭಾನುವಾರ ಅಪ್ಪ ಕಂಪ್ಯೂಟರಿನ ಮೇಲಿನ ಕಸೂತಿ ಬಟ್ಟೆ ತೆಗೆದು ಸ್ಕ್ಯಾನ್ ಶುರು ಮಾಡುತ್ತಿದ್ದರು. ಅದು ಮುಗಿಯುವವರೆಗೆ ಅವ್ವ ಮಿಕ್ಸರ್ ಹಚ್ಚುವಂತಿರಲಿಲ್ಲ. ಫ್ಯೂಸ್ ಹೋಗುತ್ತದೆಂದು ಅಪ್ಪನ ಭಯ. ಅಡುಗೆಮನೆಯಿಂದಲೇ ಅವ್ವ ಕೇಳುತ್ತಿದ್ದಳು, "ನಮ್ಮೂರು ಗುಲ್ಬರ್ಗಾಕ್ಕ ಟ್ರಾನ್ಸ್‌ಫರ್ ಏನಾತ್ರಿ?"

"ಕೇಳಾಕತ್ತೀನಿ, ಬ್ಯಾಂಕಿನವರು ಕೊಡವಲ್ಲರು," ಎನ್ನುತ್ತಿದ್ದರು ಅಪ್ಪ.

ಒಂದು ಭಾನುವಾರ ಅಪ್ಪ ಮೊಸರು ತರಲು ಹೋದಾಗ, ಮರೆಮಾಡಿದ್ದನ್ನೂ ಹುಡುಕಲಿ ಎಂದು ನಾನೇ ಟಿಕ್ ಹಾಕಿದೆ. ಪರದೆಯ ಮೇಲೆ ಓಡುವ ಫೈಲುಗಳ ಹೆಸರನ್ನು ಎಂದಿನಂತೆ ಜೋರಾಗಿ ಓದತೊಡಗಿದೆ.

"ಗುಲ್ಬರ್ಗಾ ಟ್ರಾನ್ಸ್‌ಫರ್ ಬೇಡ, ಲೆಟರ್ ಒಂದು. ಲೆಟರ್ ಎರಡು. ಲೆಟರ್ ಮೂರು."

ಅಡುಗೆಮನೆಯಲ್ಲಿ ಮಿಕ್ಸರ್ ಗರ್ರೆಂದಿತು. ಓಡಿಹೋಗಿ ನೋಡಿದರೆ ಜಾರ್ ಖಾಲಿ.

"ನಾ ತಪ್ಪು ಓದಿದ್ನೇನವ್ವಾ?" ಎಂದೆ. ಅವ್ವ ಇನ್ನೂ ಜೋರಾಗಿ ತಿರುವಿದಳು.

ಅಪ್ಪನಿಗೆ ಊರು ಯಾಕೆ ಬೇಡವಾಗಿತ್ತೋ, ಇವತ್ತಿಗೂ ನನಗೆ ತಿಳಿದಿಲ್ಲ. ಈಗ ಹೊಸ ಲ್ಯಾಪ್‌ಟಾಪಿನ ಮುಂದೆ ಟಿಕ್ ಹಾಕಲೋ ಬೇಡವೋ ಎಂದು ಕೂತಿದ್ದೆ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಅಪ್ಪ ಬಗ್ಗಿ ನೋಡಿದರು.

"ಅದೊಂದು ಬಿಡವಾ. ಭಾಳ ಹೊತ್ತು ಹಿಡಿತೈತಿ."